ನೀವು ನಿಂತಲ್ಲೇ ನಿಲ್ಲಿ, ಹಾಯಿ ಸುತ್ತಲಿ

ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಸಾಗುವ ವಿಂಡ್‌ಸರ್ಫಿಂಗ್‌ನಲ್ಲಿ ಫ್ರೀಸ್ಟೈಲ್ ಅಂದ ಕೂಡಲೇ ಗಾಳಿಯಲ್ಲಿ ಹಾರಿ ಪಲ್ಟಿ ಹೊಡೆಯುವ ಹುಡುಗರು ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ಹಾರದೇ ಕಲಿಯುವ ಪಟ್ಟುಗಳೂ ಇವೆ. ನನಗೆ ಇಷ್ಟವಾದದ್ದು ಹೆಲಿಕಾಪ್ಟರ್ ಟ್ಯಾಕ್. ಎಲ್ಲರೂ ‘ಹೆಲಿ ಟ್ಯಾಕ್’ ಅನ್ನುತ್ತಾರೆ. ಟ್ಯಾಕ್ ಅಂದರೆ ಗಾಳಿಗೆ ಎದುರಾಗಿ ತಿರುಗಿ ದಿಕ್ಕು ಬದಲಿಸುವುದು.

ನಾನು ಇದನ್ನು ಕಲಿತದ್ದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನ ಶೋರ್‌ಲೈನ್ ಕೆರೆಯಲ್ಲಿ. ಜನರೇ ತೋಡಿದ ಉಪ್ಪುನೀರಿನ ಕೆರೆ ಅದು. ಹತ್ತಿರದಲ್ಲೇ ಗೂಗಲ್ ಕಚೇರಿ ಇರುವುದರಿಂದ ದಡದಲ್ಲಿ ಆಗಾಗ ಕನ್ನಡವೂ ಕೇಳಿಸುತ್ತದೆ. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಹಾಗಾಗಿ ಬೆಳಿಗ್ಗೆ ಹೋಗಿ ಕಾಯಬೇಡಿ. ಊಟ ಮುಗಿಸಿ ಹೋಗಿ.

ಮೊದಲು ಮಾಮೂಲಿ ಟ್ಯಾಕ್ ಬರಬೇಕು. ಅದರಲ್ಲಿ ಬೋರ್ಡಿನ ಮೂತಿಯನ್ನು ಗಾಳಿಯ ಎದುರಿಗೆ ತಿರುಗಿಸಿ, ಕಂಬದ ಮುಂದಿನಿಂದ ಹೆಜ್ಜೆ ಹಾಕಿ ಹಾಯಿಯ ಇನ್ನೊಂದು ಬದಿಗೆ ಹೋಗುತ್ತೇವೆ. ಹೆಲಿ ಟ್ಯಾಕ್‌ನಲ್ಲಿ ನಾವು ಹೋಗುವುದಿಲ್ಲ. ಹಾಯಿಯೇ ಸುತ್ತು ಹಾಕಿ ಬರುತ್ತದೆ. ಕಂಬದ ಬುಡದಲ್ಲಿ ಎಲ್ಲ ಕಡೆಗೂ ಬಾಗುವ ಕೀಲು ಇರುವುದರಿಂದಲೇ ಇದು ಸಾಧ್ಯ. ಆ ಕೀಲಿರುವ ಬೋರ್ಡಿಗೆ 1968ರಲ್ಲಿ ಪೇಟೆಂಟ್ ಕೇಳಿದ ಜಿಮ್ ಡ್ರೇಕ್, ಹೊಯ್ಲ್ ಶ್ವೈಟ್ಜರ್ ಇಬ್ಬರೂ ಕ್ಯಾಲಿಫೋರ್ನಿಯಾದವರೇ.

ಒಟ್ಟು ಗಾತ್ರ 150 ಲೀಟರ್‌ಗಿಂತ ಹೆಚ್ಚಿರುವ ಬೋರ್ಡ್, ಸುಮಾರು 5 ಚದರ ಮೀಟರ್ ಹಾಯಿ ಸಾಕು. ಗಾಳಿ ಗಂಟೆಗೆ 11ರಿಂದ 18 ಕಿಲೋಮೀಟರ್ ಇದ್ದರೆ ಒಳ್ಳೆಯದು. ಲೈಫ್ ಜಾಕೆಟ್ ಬಿಡಬೇಡಿ.

ನೀರಿಗೆ ಇಳಿಯುವ ಮೊದಲು ಹಾಯಿಯನ್ನು ಮಾತ್ರ ಹುಲ್ಲಿನ ಮೇಲೆ ನಿಲ್ಲಿಸಿಕೊಳ್ಳಿ. ಗಾಳಿ ಹಾಯಿಯನ್ನು ನಿಮ್ಮ ಮೈಮೇಲೆ ತಳ್ಳುವ ಬದಿಯಲ್ಲಿ ನಿಂತು, ಅದನ್ನು ಎದುರು ತಳ್ಳಿ. ಇದು ಸುಮ್ನೆ ಕಸರತ್ತಲ್ಲ. ನನ್ನ ಪ್ರಕಾರ ಹೆಲಿ ಟ್ಯಾಕ್ ಅಂದರೆ ಮುಕ್ಕಾಲು ಪಾಲು ಈ ತಳ್ಳಾಟವೇ.

ಈಗ ನೀರಿಗೆ. ಗಾಳಿಗೆ ಅಡ್ಡವಾಗಿ ಸಾಗುತ್ತಾ ಹಾಯಿಯನ್ನು ಹಿಂದಕ್ಕೆ ವಾಲಿಸಿ. ಮೂತಿ ಗಾಳಿಯತ್ತ ತಿರುಗತೊಡಗುತ್ತದೆ. ಮುಂದಿನ ಪಾದವನ್ನು ಕಂಬದ ಬುಡದ ಪಕ್ಕಕ್ಕೆ ತನ್ನಿ. ಮುಂದಿನ ಕೈ ಕಂಬದ ಹತ್ತಿರ, ಹಿಂದಿನ ಕೈ ಬೂಮ್ (ಹಾಯಿಯನ್ನು ಹಿಡಿಯುವ ಅಡ್ಡ ಕೋಲು) ಮೇಲೆ ಇನ್ನಷ್ಟು ಹಿಂದೆ ಇರಲಿ.

ಮೂತಿ ನೇರ ಗಾಳಿಗೆ ಎದುರಾದ ಕ್ಷಣ ಕಂಬವನ್ನು ಮುಂದಕ್ಕೆ ಹಾಕಿ, ಹಿಂದಿನ ಕೈಯಿಂದ ಹಾಯಿಯನ್ನು ತಳ್ಳಿ. ಗಾಳಿ ಈಗ ಆಚೆ ಬದಿಯಿಂದ ಬಡಿಯುತ್ತದೆ. ಮಳೆಗಾಲದಲ್ಲಿ ಛತ್ರಿಯನ್ನು ಎದುರುಗಾಳಿಗೆ ಹಿಡಿದ ಹಾಗೆ. ಇಲ್ಲೇ ಎಲ್ಲರೂ ಬೀಳುವುದು. ಹೆದರಿ ನೆಟ್ಟಗೆ ನಿಂತರೆ ಹಾಯಿ ನಿಮ್ಮನ್ನು ಬೆನ್ನ ಮೇಲೆ ಕೆಡವಿ, ತಾನೂ ಮೇಲೆ ಬೀಳುತ್ತದೆ. ನನಗೆ ಒಂದು ಮಧ್ಯಾಹ್ನವಿಡೀ ಇದೇ ಆಯಿತು. (ಹಾಯಿಯ ಕೆಳಗೆ ಸಿಕ್ಕಿಕೊಂಡರೆ ಗಾಬರಿ ಬೇಡ. ಕೈಯಿಂದ ಅದನ್ನು ಮೇಲಕ್ಕೆ ತಳ್ಳಿ ಉಸಿರಿಗೆ ಜಾಗ ಮಾಡಿಕೊಂಡು, ಪಕ್ಕಕ್ಕೆ ಸರಿಯಿರಿ.)

ಕೆಟ್ಟು ನಿಂತ ಬಸ್ಸನ್ನು ತಳ್ಳುವಾಗ ಹೇಗೆ ನಿಲ್ಲುತ್ತೀರಿ? ಮಂಡಿ ಬಾಗಿಸಿ, ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ. ಹಾಗೇ ನಿಲ್ಲಿ. ತೋಳಿನ ಬಲಕ್ಕಿಂತ ಆ ಭಾರವೇ ಕೆಲಸ ಮಾಡುತ್ತದೆ. ಬೋರ್ಡ್ ನಿಧಾನಕ್ಕೆ ಗಾಳಿಯಿಂದ ಆಚೆಗೆ ತಿರುಗುತ್ತದೆ.

ಆಮೇಲೆ ತಾಳ್ಮೆ. ಬೋರ್ಡ್ ಗಾಳಿಗೆ ಪೂರ್ತಿ ಅಡ್ಡವಾಗಿ, ಇನ್ನೂ ತುಸು ಆಚೆಗೆ ವಾಲುವ ತನಕ ತಳ್ಳುತ್ತಲೇ ಇರಿ. ಆಗ ಹಿಂದಿನ ಕೈ ಬಿಡಿ. ಹಾಯಿಯ ಹಿಂತುದಿ ಬೋರ್ಡಿನ ಮೂತಿಯ ಮೇಲಿಂದ ಸರ್ರನೆ ಸುತ್ತಿ ಬರುತ್ತದೆ. ಬೂಮ್‌ನ ಇನ್ನೊಂದು ಬದಿ ಹಿಡಿದು ಪಾದ ಬದಲಿಸಿ, ಹೊರಡಿ. ಅವಸರದಲ್ಲಿ ಬೇಗ ಕೈ ಬಿಟ್ಟರೆ ಹಾಯಿ ಸುತ್ತುವುದಿಲ್ಲ, ವಾಪಸ್ ನಿಮ್ಮ ಕಡೆಗೇ ಬರುತ್ತದೆ.

ಒಂದು ಬದಿಗೆ ಕೂಡಿಬಂದ ದಿನವೇ ಇನ್ನೊಂದು ಬದಿಗೂ ಶುರು ಮಾಡಿ. ಕೈಕಾಲಿಗೆ ಅದು ಬೇರೆಯೇ ಪಟ್ಟು. ನನ್ನ ಎಡಗಡೆಯದು ಈಗಲೂ ಹತ್ತರಲ್ಲಿ ನಾಲ್ಕು ಸಲ ನೀರೊಳಗೇ ಮುಗಿಯುತ್ತದೆ.