ಬಿಡದ ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ

ನಮ್ಮ ಹಳೆಯ ಆಲ್ಟೊ ಮಳೆಗಾಲದಲ್ಲಿಯೂ ಧಾರವಾಡದಿಂದ ಅಣ್ಣಿಗೇರಿ ಕಡೆಯ ಹೊಲಕ್ಕೆ ಹೋಗಿಬರುತ್ತದೆ. ಅಲ್ಲಿಯ ಎರೆ ಮಣ್ಣಿನಲ್ಲಿ ನಡೆದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಚಪ್ಪಲಿಯನ್ನೇ ಬಿಡದ ಆ ಮಣ್ಣು ಕಾರಿನ ತಳಕ್ಕೆ ಮೆತ್ತಿಕೊಂಡರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ತೇವ ಹಿಡಿದಿರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಬೋಲ್ಟುಗಳ ಸುರುಳಿ ಗೀರುಗಳ, ಅಂದರೆ ಥ್ರೆಡ್ಡಿನ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಬೆಣೆ ಬಡಿದಂತೆ ಬಿಗಿದು ಕೂರುತ್ತದೆ.

ಹೋದ ದೀಪಾವಳಿಗೆ ಬಂದ ಅಳಿಯಂದಿರು ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ತಾವೇ ಬದಲಿಸುವುದಾಗಿ ಅಂಗಳಕ್ಕೆ ಇಳಿದರು. ಪಾನಾದ ಹಿಡಿಗೆ ಮೂರಡಿ ಪೈಪು ತೊಡಿಸಿ ಒಂದೇ ಜಗ್ಗು. "ಮಾವನವರೇ, ಬಂತು ನೋಡಿ" ಎಂದರು. ಬಂದದ್ದು ಬೋಲ್ಟಿನ ತಲೆ ಮಾತ್ರ. ಹಬ್ಬಕ್ಕೆ ಬಂದ ಅಳಿಯನನ್ನು ಗದರುವ ಪದ್ಧತಿ ನಮ್ಮಲ್ಲಿಲ್ಲ, ಚಹಾ ಕೊಟ್ಟೆ.

ಮೊದಲು ಮಾಡಬೇಕಾದದ್ದು ಜಗ್ಗುವುದಲ್ಲ, ತೊಳೆಯುವುದು. ಮಣ್ಣು ತೆಗೆದು, ಹೊರಗೆ ಕಾಣುವ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹಿಂದಿನ ಸಂಜೆಯೇ ಡಬ್ಲ್ಯುಡಿ-40 ತರಹದ ತೆಳು ಎಣ್ಣೆ ಬಿಡಿ. ಅದಿಲ್ಲದಿದ್ದರೆ ಡೀಸೆಲ್ ಆದೀತು, ಸ್ವಲ್ಪ ನಿಧಾನ. ಗಟ್ಟಿ ಎಣ್ಣೆ ಕೂದಲೆಳೆಯಷ್ಟು ಸಂದಿಯೊಳಗೆ ಇಳಿಯುವುದಿಲ್ಲ. ಎಣ್ಣೆ ಬಿಟ್ಟ ಮೇಲೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ಹತ್ತಾರು ಸಣ್ಣ ಪೆಟ್ಟು ಕೊಡಿ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿ ಮಾಡಿಕೊಡುತ್ತದೆ. ಮಲಗುವ ಮುನ್ನ ಇನ್ನೊಮ್ಮೆ ಎಣ್ಣೆ, ಇನ್ನೊಮ್ಮೆ ಪೆಟ್ಟು. ಬ್ರೇಕಿನ ಒಳಭಾಗಕ್ಕೆ ಮಾತ್ರ ಒಂದು ಹನಿಯೂ ಸಿಡಿಯಬಾರದು.

ಬೆಳಿಗ್ಗೆ ಬಾಯಿ ತೆರೆದ ಪಾನಾ ಮುಟ್ಟಲೇಬೇಡಿ. ಅದು ಹಿಡಿಯುವುದು ಎರಡೇ ಪಕ್ಕ, ಜಾರಿದರೆ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಆರು ಮೂಲೆಯ ಸಾಕೆಟ್ಟೇ ಬೇಕು. ಇನ್ನೊಂದು ಮಾತು ಕೇಳಿದರೆ ನಗುತ್ತೀರಿ: ಬಿಚ್ಚುವ ಮೊದಲು ಬಿಗಿಯುವ ಕಡೆಗೆ ಒಂದಿಷ್ಟೇ ಒತ್ತಿ. ತುಕ್ಕಿನ ಹಿಡಿತ ಮುರಿಯುವುದು ಎಷ್ಟೋ ಸಲ ಆ ಕಡೆಗೇ. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ಅದರ ಅರ್ಧದಷ್ಟು ಮತ್ತೆ ಬಿಗಿಯುವ ಕಡೆಗೆ, ಮತ್ತೆ ಎಣ್ಣೆ. ಸುಲಭವಾಯಿತೆಂದು ಒಂದೇ ಸಮನೆ ತಿರುಗಿಸಿದರೆ ಉದುರಿದ ತುಕ್ಕು ಥ್ರೆಡ್ಡಿನೊಳಗೆ ಸಿಕ್ಕಿ ಮತ್ತೆ ಕಚ್ಚಿಕೊಳ್ಳುತ್ತದೆ. ಕೈಗೆ ರಬ್ಬರಿನಂತೆ ಮೆತ್ತಗೆ ಬಂದರೆ ನಿಲ್ಲಿಸಿ, ಅದು ಸಡಿಲಾಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ.

ಕಾಯಿಸಿದರೆ ಬಿಡುತ್ತದೆ ಎನ್ನುವವರಿದ್ದಾರೆ. ನಿಜ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿಯೇ ತೊಡಿಸುತ್ತಿದ್ದದ್ದು ಅದಕ್ಕೇ. ಕಾದ ಬಳೆ ಹಿಗ್ಗುತ್ತದೆ. ಹಾಗಾಗಿ ಕಾಯಿಸಬೇಕಾದದ್ದು ಹೊರಗಿನ ನಟ್ಟನ್ನು, ಬೋಲ್ಟನ್ನಲ್ಲ. ಆದರೆ ಶಾಕ್ ಅಬ್ಸಾರ್ಬರಿನ ಬೋಲ್ಟು ತೂರುವ ಕಣ್ಣಿನಲ್ಲಿ ರಬ್ಬರ್ ಇದೆ, ಹತ್ತಿರದಲ್ಲೇ ಬ್ರೇಕ್ ಪೈಪು ಹಾಗೂ ಪೆಟ್ರೋಲ್ ಟ್ಯಾಂಕು. ನೀವು ನಿನ್ನೆ ಬಿಟ್ಟ ಎಣ್ಣೆಯೂ ಅಲ್ಲೇ ಕಾಯುತ್ತಿದೆ. ಮನೆಯ ಅಂಗಳದಲ್ಲಿ ಬೆಂಕಿಯ ಕೆಲಸ ಬೇಡ.

ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಇದಕ್ಕೆ ವಿವರಣೆ ಬೇಕಿಲ್ಲ.

ಮುರಿದೇಹೋದರೆ? ತುಂಡು ಹೊರಗೆ ಚಾಚಿಕೊಂಡಿದ್ದರೆ ಅದರ ಮೇಲೆ ಹೊಸ ನಟ್ಟು ಇಟ್ಟು ವೆಲ್ಡ್ ಮಾಡಿಸುವುದು ಒಳ್ಳೆಯದು, ವೆಲ್ಡಿಂಗಿನ ಶಾಖವೇ ಅರ್ಧ ಕೆಲಸ ಮಾಡುತ್ತದೆ. ಬ್ಯಾಟರಿಯ ವಯರ್ ಮೊದಲೇ ಬಿಚ್ಚಿಸಿ. ಸಮತಟ್ಟಾಗಿ ಮುರಿದಿದ್ದರೆ ನಡುವೆ ತೂತು ಕೊರೆದು, ತುಂಡನ್ನು ಒಳಗಿನಿಂದ ಕಚ್ಚಿ ತಿರುಗಿಸಿ ತೆಗೆಯುವ ಎಕ್ಸ್‌ಟ್ರಾಕ್ಟರ್ ಹಾಕಬೇಕು. ಅದೂ ಒಳಗೆ ಮುರಿದರೆ ಡ್ರಿಲ್ಲಿಗೂ ಬಗ್ಗದಷ್ಟು ಗಟ್ಟಿ ಉಕ್ಕು. ಕೈ ಪಳಗಿದವರಿಗೇ ಬಿಡಿ. ನಾವು ಗೋಕುಲ ರಸ್ತೆಯ ವೆಲ್ಡರನನ್ನು ಕರೆಸಿದೆವು. ಬೋಲ್ಟಿನ ಬೆಲೆಗಿಂತ ಅವನ ಆಟೋ ಬಾಡಿಗೆಯೇ ಹೆಚ್ಚಾಯಿತು.

ಹೊಸ ಬೋಲ್ಟಿಗೆ ತಾಮ್ರದ ಗ್ರೀಸ್ ಸವರಿ ಹಾಕಿದೆ. ಗಾಲಿಯ ನಟ್ಟಿಗೆ ಮಾತ್ರ ಸವರಬೇಡಿ, ಅಷ್ಟೇ ಬಲಕ್ಕೆ ಅಳತೆ ಮೀರಿ ಬಿಗಿದು, ಆ ನಟ್ಟು ಕೂರುವ ಸ್ಟಡ್ ಎಳೆದುಹೋಗುತ್ತದೆ.

ಈ ದೀಪಾವಳಿಗೆ ಸೈಲೆನ್ಸರಿನ ಬೋಲ್ಟುಗಳ ಸರದಿ. ನೀರು ತುಂಬುವ ಸಂಜೆ ಅವಕ್ಕೆ ನಾನೇ ಎಣ್ಣೆ ಬಿಟ್ಟಿಡುತ್ತೇನೆ. ಮರುದಿನ ಅಳಿಯಂದಿರ ಎಣ್ಣೆಸ್ನಾನವೂ ಮುಗಿಯಲಿ, ಆಮೇಲೆ ಪಾನಾ ಕೊಡುತ್ತೇನೆ. ಪೈಪನ್ನು ಅಟ್ಟಕ್ಕೆ ಹಾಕಿದ್ದೇನೆ.