ಅರ್ಧ ಅವ್ರು ಹೇಳ್ತಾರೆ, ಇನ್ನರ್ಧ ನಾವೇ ಹೇಳ್ಕೋತೀವಿ: ಜಾಹೀರಾತು, ರೀಲ್ಸ್, ಹೆಡ್‌ಲೈನ್ ಬಿಡಿಸಿ ಓದೋದು ಹೇಗೆ?

ಮೂರು ವರ್ಷದ ಹಿಂದೆ ಒಂದು ಭಾನುವಾರ ಬೆಳಗ್ಗೆ ಪೇಪರ್ ಬಿಡಿಸ್ತಿದ್ದಂಗೆ ಒಳಗಿಂದ ಒಂದು ಪಾಂಪ್ಲೆಟ್ ಜಾರಿ ಸೀದಾ ನನ್ನ ಮಂಡಕ್ಕಿ ಒಗ್ಗರಣೆ ತಟ್ಟೆಗೇ ಬಿತ್ತು. ನುಣ್ಣನೆ ಪೇಪರ್ರು, ಹಸಿರು ಹುಲ್ಲು, ಹುಲ್ಲಿನ ಮೇಲೆ ಗಂಡ ಹೆಂಡ್ತಿ ಎರಡು ಮಕ್ಕಳು ನಗ್ತಾ ನಿಂತಿದ್ದಾರೆ, ಕೆಳಗೆ ದಪ್ಪಕ್ಷರದಲ್ಲಿ "ದಾವಣಗೆರೆಯಲ್ಲೇ ನಿಮ್ಮ ಕನಸಿನ ಸೈಟ್, ಹೈವೇಗೆ ಕೇವಲ 5 ನಿಮಿಷ, ಕೆಲವೇ ಸೈಟುಗಳು ಬಾಕಿ". ಸಂಜೆ ಹೊತ್ತಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದೆ. ಜಾಗ ನೋಡೋಕೆ ಹೋಗಿದ್ದು ಆಮೇಲೆ, ನಗಬೇಡಿ. ಅಲ್ಲಿ ಹುಲ್ಲೂ ಇಲ್ಲ ಏನೂ ಇಲ್ಲ, ಬರೀ ಬಳ್ಳಾರಿ ಜಾಲಿ, ಅದರ ಮಧ್ಯೆ ನಾಲ್ಕು ಕಲ್ಲು ನೆಟ್ಟು ಸುಣ್ಣ ಬಳಿದಿದ್ರು. ದುಡ್ಡು ವಾಪಸ್ ಬರೋಕೆ ಎಂಟು ತಿಂಗಳು ಚಪ್ಪಲಿ ಸವೀತು. ಲೇಔಟ್ ಹೆಸರು ಬೇಡ ಬಿಡಿ. ಆದ್ರೆ ಸಿಟ್ಟಲ್ಲಿ ಪಾಂಪ್ಲೆಟ್ ತೆಗೆದು ಇದರಲ್ಲಿ ಸುಳ್ಳು ಎಲ್ಲಿದೆ ಅಂತ ಹುಡುಕಿದ್ರೆ ಒಂದೂ ಸಿಗ್ಲಿಲ್ಲ. ದಾವಣಗೆರೆ ಅಂದ್ರೆ ತಾಲ್ಲೂಕೂ ಆಗುತ್ತಲ್ಲ. 5 ನಿಮಿಷ ಅಂತ ಬರೆದಿದ್ರು, ಯಾವ ಗಾಡೀಲಿ ಅಂತ ಬರೆದಿರ್ಲಿಲ್ಲ. "ಸಿಟಿ ಒಳಗೇ ಇದೆ, ನಾಳೆನೇ ಮನೆ ಕಟ್ಟಬಹುದು" ಅನ್ನೋ ಮಾತನ್ನ ನನಗೆ ಹೇಳಿದ್ದು ನಾನೇ.

ಆವತ್ತಿಂದ ಯಾವ ಜಾಹೀರಾತು ನೋಡಿದ್ರೂ ಒಂದು ಪೆನ್ನು ಹಿಡ್ಕೊಂಡು ಕೂರ್ತೀನಿ. ಮಾಡೋ ಕ್ರಮ ಹಿಂಗೆ.

ಸ್ಟೆಪ್ 1: ಬರೆದಿರೋದನ್ನ ಮಾತ್ರ ಬರ್ಕೊಳ್ಳಿ

ಚಿತ್ರ, ಬಣ್ಣ, ಮ್ಯೂಸಿಕ್ ಎಲ್ಲ ಬಿಟ್ಟು ಅಲ್ಲಿರೋ ಪದಗಳನ್ನ ಒಂದು ಬಿಳಿ ಹಾಳೆ ಮೇಲೆ ನಿಮ್ಮ ಕೈಬರಹದಲ್ಲೇ ಬರೀರಿ. ಬಾಲಿಶ ಅನ್ಸುತ್ತೆ, ಆದ್ರೆ ಅರ್ಧ ಮಾಯೆ ಇಲ್ಲೇ ಕಳಚುತ್ತೆ.

ಸ್ಟೆಪ್ 2: ಹೇಳದೇ ಬಿಟ್ಟ ವಾಕ್ಯ ಹುಡುಕಿ

ಇದೇ ಮುಖ್ಯ ಕೆಲಸ, ಇಲ್ಲಿ ಅವಸರ ಮಾಡಬೇಡಿ. ಬರೆದಿರೋದಕ್ಕೂ ನಿಮಗೆ ಅನ್ಸಿದ್ದಕ್ಕೂ ಮಧ್ಯೆ ಒಂದು ವಾಕ್ಯ ಮಿಸ್ ಆಗಿರುತ್ತೆ, ಅದನ್ನ ಬರೀಬೇಕು. ಗ್ರೀಸ್‌ನ ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲೇ ಇಂಥ ತರ್ಕದ ಬಗ್ಗೆ ಬರೆದಿದ್ದ, ಎಂಥಿಮೀಮ್ ಅಂತಾರೆ, ಮಾತಾಡೋನು ಒಂದು ಕೊಂಡಿ ಬಿಟ್ಟಿರ್ತಾನೆ, ಕೇಳೋನು ತಾನೇ ಸೇರಿಸ್ಕೋತಾನೆ, ತಾನೇ ಸೇರಿಸಿದ್ದಕ್ಕೆ ಅನುಮಾನ ಯಾರು ಪಡ್ತಾರೆ ಹೇಳಿ.

ನಮ್ಮ ಅಲಂಕಾರಶಾಸ್ತ್ರದೋರು ಇದನ್ನ ಇನ್ನೂ ಚೆನ್ನಾಗಿ ಹಿಡಿದಿದ್ದಾರೆ ಅಂತ ನನ್ನ ಅಭಿಪ್ರಾಯ. ಅವರ ಫೇಮಸ್ ಉದಾಹರಣೆ "ಗಂಗಾಯಾಂ ಘೋಷಃ". ಘೋಷ ಅಂದ್ರೆ ದನ ಕಾಯೋರ ಹಟ್ಟಿ, ಅಂದ್ರೆ ನಮ್ಮ ಚಿತ್ರದುರ್ಗದ ಕಡೆ ಲೆಕ್ಕದಲ್ಲಿ ಗೊಲ್ಲರಹಟ್ಟಿ. ಗಂಗೆ ಮೇಲೆ ಗೊಲ್ಲರಹಟ್ಟಿ ಹೆಂಗಿರುತ್ತೆ, ತೇಲ್ಕೊಂಡು ಹೋಗಲ್ವಾ? ಹಂಗಾಗಿ ದಡದ ಮೇಲೆ ಅಂತ ನಾವೇ ಅರ್ಥ ಮಾಡ್ಕೋತೀವಿ. ಹಂಗಿದ್ರೆ ಸೀದಾ ದಡ ಅಂತಾನೇ ಹೇಳಬಹುದಿತ್ತಲ್ಲ, ಯಾಕೆ ಹೇಳ್ಲಿಲ್ಲ? ಗಂಗೆ ಅಂದ ತಕ್ಷಣ ತಂಪು, ಪಾವಿತ್ರ್ಯ ಎರಡೂ ಫ್ರೀಯಾಗಿ ಹಟ್ಟಿಗೆ ಅಂಟ್ಕೊಳ್ಳುತ್ತೆ, ಅದಕ್ಕೆ. ಹಿಂಗೆ ಹೇಳದೇ ಹೊಳೆಯೋ ಅರ್ಥಕ್ಕೆ 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿ ಅಂದ. ಕಾವ್ಯದಲ್ಲಿ ಅದು ಸುಖ ಕೊಡುತ್ತೆ. ನನ್ನ ಪಾಂಪ್ಲೆಟ್‌ನಲ್ಲಿ "ಹೈವೇ" ಅನ್ನೋದೇ ಗಂಗೆ, ಸೈಟೇ ಗೊಲ್ಲರಹಟ್ಟಿ.

ಒಂದು ಪ್ರಾಕ್ಟೀಸ್ ಕೊಡ್ತೀನಿ. ಹೋಟೆಲ್ ಬೋರ್ಡ್ ಮೇಲೆ "ನಮ್ಮ ಬೇರೆ ಬ್ರಾಂಚ್ ಎಲ್ಲೂ ಇಲ್ಲ" ಅಂತ ಬರೆದಿರ್ತಾರಲ್ಲ, ಅದರಲ್ಲಿ ಬಿಟ್ಟ ವಾಕ್ಯ ಯಾವುದು? "ನಮ್ಮ ಹೆಸರು ಕದಿಯೋಷ್ಟು ನಾವು ಫೇಮಸ್". ಒಂದೇ ಅಂಗಡಿ ಇರೋನು ಯಾರು ಬೇಕಾದ್ರೂ ಆ ಬೋರ್ಡ್ ಹಾಕಬಹುದು! (ಹಾಗೇ ಇನ್ನೊಂದು, "ದಾವಣಗೆರೆ ಬೆಣ್ಣೆ ದೋಸೆ" ಅಂತ ಊರ ಹೆಸರು ಸೇರಿಸಿ ಕರೆಯೋದು ಬೆಂಗಳೂರಲ್ಲಿ. ಇಲ್ಲಿ ನಾವು ಬೆಣ್ಣೆ ದೋಸೆ ಅಂತೀವಿ ಅಷ್ಟೇ.)

ಸ್ಟೆಪ್ 3: ಯಾರ ಬಾಯಲ್ಲಿ ಹೇಳಿಸಿದ್ದಾರೆ, ಎಲ್ಲಿಗೆ ಗುರಿ ಇಟ್ಟಿದ್ದಾರೆ

ಅರಿಸ್ಟಾಟಲ್‌ದೇ ಮೂರು ದಾರಿ: ಹೇಳೋನ ಮೇಲಿನ ನಂಬಿಕೆ, ಕೇಳೋನ ಭಾವನೆ, ಮಾತಿನ ತರ್ಕ. ಈಥೋಸ್, ಪೇಥೋಸ್, ಲೋಗೋಸ್ ಅಂತ ಕಾಲೇಜಲ್ಲಿ ಬಾಯಿಪಾಠ ಮಾಡಿಸ್ತಾರೆ. ವಿದ್ಯಾನಗರದ ಕಡೆ ಒಂದು ರೌಂಡ್ ಹೊಡೆದ್ರೆ ಒಂದೇ ಕೋಚಿಂಗ್ ಫ್ಲೆಕ್ಸ್‌ನಲ್ಲಿ ಮೂರೂ ಸಿಗುತ್ತೆ. ಕೋಟು ಹಾಕ್ಕೊಂಡು ಕೈಕಟ್ಟಿ ನಿಂತ ಸರ್ ಫೋಟೋ ನಂಬಿಕೆಗೆ. ಮಗಳಿಗೆ ಪೇಡ ತಿನ್ನಿಸ್ತಿರೋ ಅಪ್ಪ ಅಮ್ಮನ ಫೋಟೋ ಭಾವನೆಗೆ. "40 ಡಾಕ್ಟರ್ ಸೀಟು" ಅನ್ನೋದು ತರ್ಕದ ವೇಷಕ್ಕೆ. ವೇಷ ಅಂದಿದ್ದು ಯಾಕಂದ್ರೆ 40 ಕೆಳಗೆ ಇನ್ನೊಂದು ನಂಬರ್ ಇರಬೇಕು, ಎಷ್ಟು ಜನದಲ್ಲಿ 40? ನೂರರಲ್ಲೋ ಎರಡು ಸಾವಿರದಲ್ಲೋ? ಆ ಹುಡುಗಿ ಎರಡು ವರ್ಷ ಅಲ್ಲೇ ಓದಿದ್ಲೋ ಅಥವಾ ಕೊನೇ ತಿಂಗಳು ಟೆಸ್ಟ್ ಸೀರೀಸ್ ಬರೆದಿದ್ಲೋ? ಇದನ್ನ ಕೇಳೋ ಹಕ್ಕು ನಿಮಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತಿಗೆ ಅಂತಲೇ ಮಾರ್ಗಸೂಚಿ ಹೊರಡಿಸಿದೆ, ಆ ವಿದ್ಯಾರ್ಥಿ ಯಾವ ಕೋರ್ಸು ಎಷ್ಟು ದಿನ ಮಾಡಿದ್ದು, ದುಡ್ಡು ಕೊಟ್ಟು ಸೇರಿದ್ದೋ ಇಲ್ವೋ ಅನ್ನೋದನ್ನ ಜಾಹೀರಾತಲ್ಲೇ ಹೇಳಬೇಕು, ಫೋಟೋ ಹಾಕೋಕೆ ಲಿಖಿತ ಒಪ್ಪಿಗೆ ಬೇಕು.

ಸ್ಟೆಪ್ 4: ಒಂದು ವಸ್ತು ಬದಲಾಯಿಸಿ ನೋಡಿ

ಫ್ರಾನ್ಸ್‌ನ ವಿಮರ್ಶಕ ರೋಲಾನ್ ಬಾರ್ತ್ 1964ರಲ್ಲಿ ಪಂಜಾನಿ ಅನ್ನೋ ಪಾಸ್ತಾ ಕಂಪನಿಯ ಒಂದೇ ಒಂದು ಜಾಹೀರಾತು ಇಟ್ಕೊಂಡು ಇಡೀ ಪ್ರಬಂಧ ಬರೆದ. ಬಾಯಿ ತೆರೆದ ಬಲೆಚೀಲ, ಒಳಗಿಂದ ಇಣುಕೋ ಪಾಸ್ತಾ ಪ್ಯಾಕೆಟ್ಟು, ಟೊಮ್ಯಾಟೊ, ಕ್ಯಾಪ್ಸಿಕಂ. ಈಗಷ್ಟೇ ಸಂತೆಯಿಂದ ತಾಜಾ ತಂದಂಗೆ ಕಾಣುತ್ತೆ, ಪ್ಯಾಕೆಟ್ ಮಾಲಿಗೂ ಆ ತಾಜಾತನ ಹತ್ಕೊಳ್ಳುತ್ತೆ. ಚಿತ್ರ ವಾದ ಮಾಡ್ತಾ ಇದೆ ಅಂತ ಗೊತ್ತೇ ಆಗಲ್ಲ, ಅದಕ್ಕೇ ಒಂದು ವಸ್ತು ತೆಗೆದು ಬೇರೇದು ಇಟ್ಟು ನೋಡಬೇಕು. ನನ್ನ ಪಾಂಪ್ಲೆಟ್‌ನಲ್ಲಿ ಆ ಹುಲ್ಲಿನ ಜಾಗಕ್ಕೆ ಬಳ್ಳಾರಿ ಜಾಲಿ ಇಡಿ, ಅದೇ ಗಂಡ ಹೆಂಡ್ತಿ ಮಕ್ಕಳು ಅದೇ ನಗು. ಯಾಕೆ ನಗ್ತಿದ್ದಾರೆ ಅಂತಲೇ ಅನ್ಸುತ್ತೆ. ಮಾರಾಟ ಮಾಡ್ತಿದ್ದಿದ್ದು ಆ ಹುಲ್ಲು ಅಂತ ಆಗ ಗೊತ್ತಾಗುತ್ತೆ.

ಸ್ಟೆಪ್ 5: ಸಣ್ಣ ಪದಗಳ ಕೆಳಗೆ ಗೆರೆ ಎಳೀರಿ

ಕನ್ನಡದಲ್ಲಿ ಕಳ್ಳಾಟ ಇರೋದೇ ಸಣ್ಣ ಪದಗಳಲ್ಲಿ. "ಎನ್ನಲಾಗಿದೆ" ಬಂದ್ರೆ ಯಾರು ಅಂದ್ರು ಅಂತ ಕೇಳಿ. "ಅಂತೆ" ಅನ್ನೋದು ಜವಾಬ್ದಾರಿ ಇಳಿಸೋ ಪದ, ಕಟ್ಟೆ ಮೇಲೆ ಕೂತೋರಿಗೂ ಗೊತ್ತು. ಟೀವಿ ಹೆಡ್‌ಲೈನ್ ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಇದ್ರೆ ಉತ್ತರ ಅವರ ಹತ್ರ ಇಲ್ಲ ಅಂತಲೇ ಇಟ್ಕೊಳ್ಳಿ, ಇದ್ದಿದ್ರೆ ಫುಲ್‌ಸ್ಟಾಪ್ ಹಾಕ್ತಿದ್ರು. "ದಾವಣಗೆರೆಯಲ್ಲೇ", "ಕೆಲವೇ", ಈ ಒಂದು "ಏ" ನನ್ನ ಎಂಟು ತಿಂಗಳು ತಿಂತು. ರಾಜಕೀಯ ಬರ್ತ್‌ಡೇ ಫ್ಲೆಕ್ಸ್‌ನಲ್ಲಿ "ನಮ್ಮ" ಅಣ್ಣ ಅಂದಾಗ ಆ ನಮ್ಮಲ್ಲಿ ನೀವೂ ಸೇರಿದ್ದೀರಾ? ನಿಮ್ಮನ್ನ ಕೇಳಿ ಸೇರಿಸ್ಕೊಂಡಿದ್ರಾ?

ಸ್ಟೆಪ್ 6: ನಕ್ಷತ್ರ ಗುರುತು, ಮತ್ತೆ ಇರಬೇಕಾಗಿದ್ದು ಇಲ್ಲದ್ದು

ಕನ್ನಡದಲ್ಲಿ ದಪ್ಪಗೆ ಆಫರ್, ಪಕ್ಕದಲ್ಲೊಂದು ನಕ್ಷತ್ರ (*), ಕೆಳಗೆ ಇರುವೆ ಸೈಜಲ್ಲಿ ಇಂಗ್ಲಿಷ್‌ನಲ್ಲಿ ಷರತ್ತು, ಇದು ತಪ್ಪು. ಅದೇ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಜೂನ್‌ನ ಮಾರ್ಗಸೂಚಿ ಪ್ರಕಾರ ಷರತ್ತು ಆಫರ್ ಇರೋ ಭಾಷೆಯಲ್ಲೇ, ಅದೇ ಫಾಂಟಲ್ಲೇ ಇರಬೇಕು. ರಿಜಿಸ್ಟರ್ ಆಗಬೇಕಾದ ಲೇಔಟ್ ಜಾಹೀರಾತಲ್ಲಿ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ನೋಂದಣಿ ನಂಬರ್ ಕಾಣಬೇಕು, ನನ್ನದರಲ್ಲಿ ಇರ್ಲಿಲ್ಲ, ನಾನೂ ಹುಡುಕಿರ್ಲಿಲ್ಲ. ರೀಲ್ಸ್‌ನಲ್ಲಿ "ಇಲ್ಲಿ ಬಂದು ಇದನ್ನ ತಿನ್ನದಿದ್ರೆ ಲೈಫೇ ವೇಸ್ಟ್ ಗುರೂ" ಅನ್ನೋನು ದುಡ್ಡು ತಗೊಂಡಿದ್ರೆ ಅದು ಜಾಹೀರಾತು ಅಂತ ಲೇಬಲ್ ಹಾಕಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಹೇಳಿದೆ. ಹಾಗೇ ತಂಬಾಕು ಬ್ರಾಂಡ್ ಹೆಸರಲ್ಲೇ ಬರೋ ಏಲಕ್ಕಿ ಜಾಹೀರಾತು. ತಂಬಾಕು ಜಾಹೀರಾತನ್ನ 2003ರ ಕಾಯ್ದೆ ನಿಷೇಧ ಮಾಡಿದೆ, ಆದ್ರೂ ನಾಲ್ಕು ಕಾಳು ಏಲಕ್ಕಿಗೆ ಅಷ್ಟು ದೊಡ್ಡ ಹೀರೋ, ಹೆಲಿಕಾಪ್ಟರ್ ಯಾಕೆ ಬೇಕು ಯೋಚಿಸಿ. ದಾರಿ ತಪ್ಪಿಸೋ ಜಾಹೀರಾತು ಕಂಡ್ರೆ 1915ಕ್ಕೆ ಫೋನ್ ಮಾಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು.

ಎಲ್ಲದಕ್ಕೂ ಹಿಂಗೆ ಪೆನ್ನು ಹಿಡ್ಕೊಂಡು ಕೂತ್ರೆ ಸಿನಿಮಾ ಟ್ರೈಲರ್ ನೋಡೋ ಮಜಾನೂ ಹೋಗುತ್ತೆ ಅಂತ ನನ್ನ ಹೆಂಡ್ತಿ ಬೈತಾಳೆ, ಅದೂ ನಿಜ, ಟ್ರೈಲರ್‌ಗೆ ನಾನು ಪೆನ್ನು ತಗೊಳಲ್ಲ. ದುಡ್ಡು, ಓಟು, ಮಕ್ಕಳ ಅಡ್ಮಿಷನ್ ಕೇಳೋ ಕಡೆ ಮಾತ್ರ ತಗೋತೀನಿ.

ಹೋದ ಭಾನುವಾರ ಪೇಪರ್ ಬಿಡಿಸ್ದಾಗ ಅದೇ ಲೇಔಟ್‌ನ ಪಾಂಪ್ಲೆಟ್ ಮತ್ತೆ ಬಿತ್ತು. ಹುಲ್ಲು ಇನ್ನೂ ಹಸಿರಾಗಿದೆ, ಮಕ್ಕಳು ಒಂಚೂರೂ ಬೆಳೆದಿಲ್ಲ, ಕೆಳಗೆ ಮೂರು ವರ್ಷದ ಹಿಂದಿನ ಅದೇ ಸಾಲು: "ಕೆಲವೇ ಸೈಟುಗಳು ಬಾಕಿ".