ದುರ್ಬೀನಿಗೆ ಯಾವ ಗ್ರೀಸ್? ಬೈಕಿನ ಡಬ್ಬಿ ಮುಟ್ಟುವ ಮುಂಚೆ ಓದಿ

ಮಳೆಗಾಲ ಮುಗಿದ ಮೇಲೆ ಕಪಾಟಿನಿಂದ ದುರ್ಬೀನು ಹೊರಗೆ ತೆಗೆದರೆ ಫೋಕಸ್ ಚಕ್ರ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಹದ್ದು ನೋಡಲು ಹೋಗುವವರಿಗೆ, ಶಿರಸಿಯ ಕಾಲೇಜುಗಳಲ್ಲಿ ಮೈಕ್ರೋಸ್ಕೋಪ್ ನೋಡಿಕೊಳ್ಳುವವರಿಗೆ, ಹೆದ್ದಾರಿ ಬದಿ ನೆಲದ ಏರುತಗ್ಗು ಅಳೆಯುವ ಆಟೋ ಲೆವೆಲ್ ದುರ್ಬೀನು ಇಟ್ಟುಕೊಂಡು ನಿಲ್ಲುವ ಸರ್ವೆ ಹುಡುಗರಿಗೆ ಇದೇನು ಹೊಸದಲ್ಲ. ಆಗ ಕೈ ಸೀದಾ ಹೋಗುವುದು ಕೊಬ್ಬರಿ ಎಣ್ಣೆ ಬಾಟಲಿಗೆ, ಇಲ್ಲಾ ಬೈಕಿಗೆ ಹಾಕಿ ಉಳಿದ ಗ್ರೀಸಿಗೆ. ಎರಡೂ ಬೇಡ.

ಯಾಕೆ ಬೇಡ ಅಂತ ಮೊದಲು ನೋಡೋಣ. ಗ್ರೀಸ್ ಅಂದರೆ ಎಣ್ಣೆ, ಮತ್ತು ಆ ಎಣ್ಣೆಯನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುವ ಇನ್ನೊಂದು ವಸ್ತು. ಹೆಚ್ಚಾಗಿ ಅದು ಲಿಥಿಯಂ ಸೋಪು, ಕೆಲವದರಲ್ಲಿ ಸಿಲಿಕಾ ಪುಡಿ. ಬೈಕಿನ ಬೇರಿಂಗಿನಲ್ಲಿ ಸ್ವಲ್ಪ ಎಣ್ಣೆ ಬಿಟ್ಟುಕೊಂಡರೆ ಒಳ್ಳೆಯದೇ, ಅದರ ಕೆಲಸವೇ ಅದು. ಆದರೆ ಲೆನ್ಸಿನ ಪಕ್ಕದಲ್ಲಿ ಹಾಗೆ ಬಿಟ್ಟುಕೊಂಡ ಎಣ್ಣೆ ಲೋಹದ ಮೇಲೆ ತೆವಳಿಕೊಂಡು ಗಾಜಿನ ಅಂಚಿಗೆ ಬರುತ್ತದೆ, ಇಲ್ಲಾ ಏಪ್ರಿಲ್ ಬಿಸಿಲಿಗೆ ಕಾರಿನೊಳಗೆ ಆವಿಯಾಗಿ ಒಳಗಿನ ಗಾಜಿನ ಮೇಲೆ ತೆಳ್ಳಗೆ ಮಂಜಿನಂತೆ ಕೂರುತ್ತದೆ. ಕ್ಯಾಮೆರಾ ಲೆನ್ಸ್ ಆದರೆ, ಒಳಗೆ ಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅಪರ್ಚರ್ ಬ್ಲೇಡುಗಳಿಗೆ ತಾಗಿ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎಣ್ಣೆ ಹಾಕಿದ ಜಾಗದಲ್ಲೇ ಇರುತ್ತದಾ, ಇಲ್ವಾ?

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಶಿರಸಿ ಕಡೆ ಬೆಳಿಗ್ಗೆ ಬಾಟಲಿ ನೋಡಿದರೆ ಸಾಕು, ಅಲ್ವಾ? ಮೇಲಾಗಿ ಹಳಸಿದ ಎಣ್ಣೆಯ ಆಮ್ಲ ಹಿತ್ತಾಳೆಗೆ ತಾಗಿ ಹಸಿರು ಕಿಲುಬು ಏಳುತ್ತದೆ. ಹಳೆ ದುರ್ಬೀನು ಬಿಚ್ಚಿದವರು ಥ್ರೆಡ್ ಸಂದಿಯಲ್ಲಿ ಮೇಣದಂಥ ಹಸಿರು ಮುದ್ದೆ ನೋಡಿರುತ್ತಾರೆ, ಹಳೆ ಗ್ರೀಸೂ ಹಿತ್ತಾಳೆಯ ತಾಮ್ರವೂ ಸೇರಿ ಆದದ್ದು ಅದು. ಡಬ್ಲ್ಯೂಡಿ-40 ಸ್ಪ್ರೇ ಅಂತೂ ಗ್ರೀಸೇ ಅಲ್ಲ. 1953ರಲ್ಲಿ ಅದನ್ನು ಮಾಡಿದ್ದು ಲೋಹದಿಂದ ನೀರು ಓಡಿಸಿ ತುಕ್ಕು ತಡೆಯಲು. ಅದರ ತೆಳು ದ್ರಾವಕ ಒಳಗಿದ್ದ ಗ್ರೀಸನ್ನೂ ಕರಗಿಸಿಕೊಂಡು ಗಾಜಿನ ತನಕ ಹೋಗುತ್ತದೆ. ಎರಡು ದಿನ ಚಕ್ರ ಸಲೀಸಾಗಿ ತಿರುಗುತ್ತದೆ, ಆಮೇಲೆ ಮೊದಲಿಗಿಂತ ಕಷ್ಟ.

ಮೊದಲ ಹೆಜ್ಜೆ: ಎಲ್ಲಿಗೆ ಹಾಕುತ್ತಿದ್ದೀರಿ?

ಕ್ಯಾಮೆರಾ ಲೆನ್ಸಿನ ಫೋಕಸ್ ರಿಂಗಿನೊಳಗೆ ಹೆಲಿಕಾಯ್ಡ್ ಅಂತ ಅಗಲವಾದ ಥ್ರೆಡ್ ಇರುತ್ತದೆ, ಸಾಮಾನ್ಯವಾಗಿ ಹಿತ್ತಾಳೆ ಮತ್ತು ಅಲ್ಯೂಮಿನಿಯಂ, ಇಲ್ಲಾ ಎರಡೂ ಅಲ್ಯೂಮಿನಿಯಂ. ದುರ್ಬೀನಿನ ನಡುವಿನ ಚಕ್ರದ ಕೆಳಗೂ ಇಂಥದ್ದೇ ಥ್ರೆಡ್, ಚಿಕ್ಕದು. ಇವಕ್ಕೆ ಬೇಕಾದ್ದು ಸ್ವಲ್ಪ ಬಿಗಿ ಹಿಡಿಯುವ ಗ್ರೀಸ್. ಬೆರಳು ಬಿಟ್ಟರೆ ಫೋಕಸ್ ನಿಂತಲ್ಲೇ ನಿಲ್ಲಬೇಕು, ಚಕ್ರ ತಾನಾಗಿ ಜಾರಬಾರದು. ಮೈಕ್ರೋಸ್ಕೋಪಿನ ಜಾರುಪಟ್ಟಿ ಮತ್ತು ಹಲ್ಲಿನ ಪಟ್ಟಿಗೆ ಮಧ್ಯಮ ಗ್ರೀಸ್ ಸಾಕು. ಅಪರ್ಚರ್ ಮತ್ತು ಶಟರ್ ಬ್ಲೇಡಿಗೆ ಏನೂ ಹಾಕಬೇಡಿ, ಅವು ಒಣಗೇ ಓಡಬೇಕು.

ಮೈಕ್ರೋಸ್ಕೋಪಿನದ್ದು ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ನಾಬ್ ಬಿಟ್ಟ ಕೂಡಲೇ ಸ್ಲೈಡ್ ಇಡುವ ಸ್ಟೇಜ್ ತಾನಾಗಿ ಕೆಳಗೆ ಇಳಿದರೆ ಅದು ಗ್ರೀಸಿನ ಸಮಸ್ಯೆ ಅಲ್ಲ. ತುಂಬಾ ಮಾಡೆಲ್‌ಗಳಲ್ಲಿ ನಾಬಿನ ಪಕ್ಕ ಬಿಗಿ ಹೊಂದಿಸುವ ರಿಂಗ್ ಇರುತ್ತದೆ, ಅದನ್ನು ಸ್ವಲ್ಪ ತಿರುಗಿಸಿದರೆ ಮುಗಿಯಿತು. ಸುಮ್ನೆ ಗ್ರೀಸ್ ಮೆತ್ತಿದರೆ ಇನ್ನೂ ಜಾರುತ್ತದೆ.

ಎರಡನೇದು: ಡಬ್ಬಿಯ ಮೇಲೆ ಏನು ಓದಬೇಕು

ಎನ್‌ಎಲ್‌ಜಿಐ ಅಂತ ಒಂದು ನಂಬರ್ ಕಾಣುತ್ತದೆ, 000ದಿಂದ 6ರವರೆಗೆ. 25 ಡಿಗ್ರಿಯಲ್ಲಿ ಒಂದು ಲೋಹದ ಶಂಕುವನ್ನು ಗ್ರೀಸಿನೊಳಗೆ ಬಿಟ್ಟು ಐದು ಸೆಕೆಂಡಿನಲ್ಲಿ ಅದು ಎಷ್ಟು ಆಳ ಇಳಿಯಿತು ಅಂತ ಅಳೆದು ಕೊಡುವ ನಂಬರ್ ಇದು. 2ನೇ ನಂಬರಿನಲ್ಲಿ 26.5ರಿಂದ 29.5 ಮಿಲಿಮೀಟರ್ ಇಳಿಯುತ್ತದೆ. ನಂಬರ್ ಜಾಸ್ತಿ ಆದಷ್ಟೂ ಗ್ರೀಸ್ ಗಟ್ಟಿ.

ಆದರೆ ಇಲ್ಲೇ ಜನ ಮೋಸ ಹೋಗುವುದು. ಈ ನಂಬರ್ ಹೇಳುವುದು ಡಬ್ಬಿಯಲ್ಲಿ ಅದು ಎಷ್ಟು ಗಟ್ಟಿ ಅಂತ ಮಾತ್ರ. ತಿರುಗಿಸುವಾಗ ಬೆರಳಿಗೆ ಸಿಗುವ ಆ ನಯವಾದ ತಡೆ ಇದೆಯಲ್ಲ, ಅದು ಮುಖ್ಯವಾಗಿ ಬರುವುದು ಒಳಗಿನ ಎಣ್ಣೆ ಎಷ್ಟು ಮಂದ ಇದೆ ಅನ್ನುವುದರಿಂದ. ಎರಡು ಗ್ರೀಸುಗಳ ಮೇಲೂ 2 ಅಂತಲೇ ಬರೆದಿರಬಹುದು, ಒಂದನ್ನು ಹಾಕಿದರೆ ಚಕ್ರ ಗಿರ್ರನೆ ತಿರುಗುತ್ತದೆ, ಇನ್ನೊಂದು ಹಾಕಿದರೆ ನಿಧಾನವಾಗಿ, ತೂಕವಾಗಿ ತಿರುಗುತ್ತದೆ. ಮಂದ ಎಣ್ಣೆಯವನ್ನು ಡ್ಯಾಂಪಿಂಗ್ ಗ್ರೀಸ್ ಅಂತ ಮಾರುತ್ತಾರೆ. ಆನ್‌ಲೈನ್‌ನಲ್ಲಿ ಹುಡುಕುವಾಗ ಈ ಪದ ಹಾಕಿ. ಲೈಟ್, ಮೀಡಿಯಂ, ಹೆವಿ ಅಂತ ಬರುತ್ತವೆ. ಚಿಕ್ಕ ದುರ್ಬೀನಿಗೆ ಲೈಟ್ ಇಲ್ಲಾ ಮೀಡಿಯಂ, ಅಗಲವಾದ ಹಳೆ ಲೆನ್ಸ್ ಸಡಿಲ ಆಗಿದ್ದರೆ ಹೆವಿ. ಚಳಿಯಲ್ಲಿ ಎಲ್ಲವೂ ಇನ್ನಷ್ಟು ಬಿಗಿಯಾಗುತ್ತವೆ, ಹಾಗಾಗಿ ಬೆಳಗಿನ ಜಾವ ದಾಂಡೇಲಿ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಹುಡುಕುವವರು ಹೆವಿ ತಗೊಳ್ಳಬೇಡಿ.

ಆಮೇಲೆ ಎಣ್ಣೆಯ ಜಾತಿ. ಪಿಎಒ ಅನ್ನುವ ಸಿಂಥೆಟಿಕ್ ಎಣ್ಣೆಯದ್ದು ನನ್ನ ಮೊದಲ ಆಯ್ಕೆ. ಬೇಗ ಆವಿಯಾಗುವುದಿಲ್ಲ, ಹೆಚ್ಚಿನ ಪ್ಲಾಸ್ಟಿಕ್ ಭಾಗಗಳಿಗೂ ತೊಂದರೆ ಇಲ್ಲ. ಎಸ್ಟರ್ ಎಣ್ಣೆ ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ಬಿಡಿಸುತ್ತದೆ, ಅಗ್ಗದ ದುರ್ಬೀನಿನ ಪ್ಲಾಸ್ಟಿಕ್ ಥ್ರೆಡ್ಡಿಗೆ ಅದು ಬೇಡ. ಸಿಲಿಕೋನ್ ಗ್ರೀಸ್ ಎಲ್ಲೆಲ್ಲೋ ಹರಡುತ್ತದೆ, ತೆಗೆಯುವುದೂ ಕಷ್ಟ, ಲೋಹ-ಲೋಹ ಉಜ್ಜುವಲ್ಲಿ ಅಷ್ಟೊಂದು ಒಳ್ಳೆಯದೂ ಅಲ್ಲ. ಕ್ರೈಟಾಕ್ಸ್ ಬ್ರ್ಯಾಂಡಿನ ಥರದ ಪಿಎಫ್‌ಪಿಇ (ಫ್ಲೋರಿನ್ ಇರುವ ಸಿಂಥೆಟಿಕ್ ಎಣ್ಣೆಯ) ಗ್ರೀಸ್ ತುಂಬಾ ಒಳ್ಳೆಯದು, ತುಂಬಾ ದುಬಾರಿ. ಅದು ಬೇರೆ ಗ್ರೀಸಿನ ಜೊತೆ ಬೆರೆಯುವುದಿಲ್ಲ, ಹಾಕುವುದಾದರೆ ಹಳೆಯದನ್ನು ಪೂರ್ತಿ ತೆಗೆದೇ ಹಾಕಬೇಕು. ಗ್ರಾಫೈಟ್, ಮಾಲಿ (ಮಾಲಿಬ್ಡಿನಂ ಡೈಸಲ್ಫೈಡ್ ಪುಡಿ) ಹಾಕಿದ ಕಪ್ಪು ಗ್ರೀಸ್ ಕಡೆ ನೋಡಲೂ ಬೇಡಿ.

ಮೂರನೇದು: ಮನೆಯಲ್ಲೇ ಪರೀಕ್ಷೆ

ಕೈಯಲ್ಲಿ ಎರಡು ಗ್ರೀಸ್ ಇದ್ದು ಯಾವುದು ಅಂತ ತಿಳಿಯದಿದ್ದರೆ ಕಡಲೆಕಾಳಿನಷ್ಟು ಅದನ್ನೂ ಇದನ್ನೂ ಒಂದೇ ಕಾಗದದ ಮೇಲೆ ಇಟ್ಟು ಬೆಚ್ಚಗಿನ ಜಾಗದಲ್ಲಿ ಒಂದು ದಿನ ಬಿಡಿ. ಸುತ್ತ ಎಣ್ಣೆಯ ಉಂಗುರ ಮೂಡುತ್ತದೆ. ಯಾವುದರ ಉಂಗುರ ಅಗಲವೋ ಅದು ಲೆನ್ಸಿಗೆ ಬೇಡ. ಇನ್ನೊಂದು ಪರೀಕ್ಷೆ ನನಗೆ ಇನ್ನೂ ಇಷ್ಟ: ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಸ್ವಲ್ಪ ಗ್ರೀಸ್ ಹಾಕಿ, ಮೇಲೆ ಚೆನ್ನಾಗಿ ತೊಳೆದು ಒಣಗಿಸಿದ ಗಾಜಿನ ತುಂಡು ಮುಚ್ಚಿ, ಮಧ್ಯಾಹ್ನದ ಬಿಸಿಲಲ್ಲಿ ತಾರಸಿ ಮೇಲೆ ಇಡಿ. ಸಂಜೆ ಗಾಜನ್ನು ಓರೆಯಾಗಿ ಹಿಡಿದು ಟಾರ್ಚ್ ಬಿಡಿ. ಮಬ್ಬು ಕಂಡರೆ ನಿಮ್ಮ ಲೆನ್ಸಿನ ಮೇಲೂ ಹಾಗೇ ಕೂರುತ್ತದೆ.

ಹಾಕುವ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಯಾವ ಲೆನ್ಸನ್ನೂ ಬಿಚ್ಚಬೇಡಿ. ಒಳಗೆ ಸೇರಿದ ತೇವದಿಂದ ಬೂಸು ಬರುತ್ತದೆ. ದಸರಾ ಕಳೆದ ಮೇಲೆ ಒಣ ದಿನ ನೋಡಿ ಕೂತುಕೊಳ್ಳಿ. ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್ ದುರ್ಬೀನು ಆದರೆ ಯಾವ ಕಾಲದಲ್ಲೂ ಬಿಚ್ಚದೆ ಸರ್ವಿಸಿಗೆ ಕೊಡಿ. ಬೇರೆಯದರಲ್ಲೂ ಪ್ರಿಸಂ ಸ್ಕ್ರೂ ಮುಟ್ಟಬೇಡಿ, ಒಂದು ಸ್ವಲ್ಪ ಅಲುಗಿದರೂ ಒಂದೇ ಹಕ್ಕಿ ಎರಡಾಗಿ ಕಾಣುತ್ತದೆ.

ಹೆಲಿಕಾಯ್ಡ್ ಬಿಚ್ಚುವಾಗ ಎರಡು ಭಾಗ ಯಾವ ಜಾಗದಲ್ಲಿ ಬೇರೆಯಾದವೋ ಅಲ್ಲಿ ಎರಡರ ಮೇಲೂ ಪೆನ್ಸಿಲಿನಿಂದ ಗೆರೆ ಹಾಕಿ, ಫೋಟೋ ಕೂಡ ತೆಗೆಯಿರಿ. ಈ ಥ್ರೆಡ್ ಒಂದೇ ಎಳೆಯದ್ದಲ್ಲ, ಹಲವು ಎಳೆಗಳು ಒಟ್ಟಿಗೆ ಶುರುವಾಗುತ್ತವೆ. ತಪ್ಪು ಎಳೆಗೆ ಕೂರಿಸಿದರೂ ಚೆನ್ನಾಗಿಯೇ ತಿರುಗುತ್ತದೆ, ದೂರದ್ದು ಮಾತ್ರ ಫೋಕಸ್ ಆಗುವುದಿಲ್ಲ.

ಗಾಜಿನ ಭಾಗವನ್ನು ಬೇರೆ ಇಟ್ಟು, ಹಳೆ ಗ್ರೀಸನ್ನು ಲೈಟರಿಗೆ ಹಾಕುವ ಪೆಟ್ರೋಲಿನಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ತೆಗೆಯಿರಿ. ಈ ಕೆಲಸ ಅಂಗಳದಲ್ಲಿ ಆಗಲಿ, ಗ್ಯಾಸ್ ಒಲೆಯ ಹತ್ತಿರ ಖಂಡಿತ ಬೇಡ. ಪ್ಲಾಸ್ಟಿಕ್ ಇದ್ದರೆ ಪೆಟ್ರೋಲ್ ಬಿಟ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಸೀಮೆಎಣ್ಣೆ ಜಿಡ್ಡು ಉಳಿಸುತ್ತದೆ.

ಹೊಸ ಗ್ರೀಸನ್ನು ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಥ್ರೆಡ್ಡಿನ ಕಣಿವೆಗೆ ಹಚ್ಚಿ. ಲೋಹದ ಬಣ್ಣ ಗ್ರೀಸಿನ ಕೆಳಗೆ ಕಾಣುವಷ್ಟು ತೆಳ್ಳಗಿದ್ದರೆ ಸಾಕು. ಕೂರಿಸಿ, ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ, ಅಂಚಿಗೆ ಉಕ್ಕಿ ಬಂದದ್ದನ್ನು ಹಳೆ ಪಂಚೆ ಬಟ್ಟೆಯಿಂದ ಒರೆಸಿಬಿಡಿ. ತಡೆ ಕಡಿಮೆ ಅನ್ನಿಸಿದರೆ ಅದೇ ಗ್ರೀಸನ್ನು ಇನ್ನಷ್ಟು ತುಂಬಬೇಡಿ. ಒರೆಸಿ ತೆಗೆದು ಒಂದು ದರ್ಜೆ ಹೆಚ್ಚು ಮಂದದ್ದನ್ನು ಹಾಕಿ.